ಮೊದಲ ಸೆಮಿಸ್ಟರ್‌ನಲ್ಲೇ ಪ್ರೊಬೇಷನ್ ಪತ್ರ: ಅಮೆರಿಕದ ಕ್ಯಾಂಪಸ್‌ನಲ್ಲಿ ಯಾರ ಬಾಗಿಲು ತಟ್ಟಬೇಕು?

ಪ್ರಶ್ನೆ: ನಾನು ಶಿವಮೊಗ್ಗದವನು. ಪಿಯುಸಿಯಲ್ಲಿ ಪಿಸಿಎಂಬಿ ಓದಿ, ಕಳೆದ ಆಗಸ್ಟ್‌ನಲ್ಲಿ ಅಮೆರಿಕದ ಮಿಡ್‌ವೆಸ್ಟ್ ಕಡೆಯ ಒಂದು ಸರ್ಕಾರಿ ಯೂನಿವರ್ಸಿಟಿಗೆ ಡಿಗ್ರಿಗೆ ಬಂದೆ. ಎಫ್-1, ಅಂದರೆ ವಿದ್ಯಾರ್ಥಿ ವೀಸಾ. ಮೊದಲ ಸೆಮಿಸ್ಟರ್‌ನಲ್ಲಿ ಜಿಪಿಎ, ಅಂದರೆ 4ಕ್ಕೆ ಸರಾಸರಿ ಗ್ರೇಡ್, 1.87 ಬಂದಿದೆ. ಕ್ಯಾಲ್ಕುಲಸ್ ಮತ್ತು ಪ್ರೋಗ್ರಾಮಿಂಗ್ ಎರಡರಲ್ಲೂ ಡಿ. ಅಕಾಡೆಮಿಕ್ ಪ್ರೊಬೇಷನ್ ಅಂತ ಪತ್ರ ಕಳಿಸಿದ್ದಾರೆ. ಅಡ್ವೈಸರ್‌ನ ನೋಡು, ಸಕ್ಸೆಸ್ ಸೆಂಟರ್‌ಗೆ ಹೋಗು, ಟ್ಯೂಟರಿಂಗ್ ತಗೋ ಅಂತ ಅದರಲ್ಲಿದೆ. ವೀಸಾ ಹೋಗುತ್ತಾ? ಅಲ್ಲಿಗೆಲ್ಲ ಹೋದರೆ ದಡ್ಡ ಅಂತ ರೆಕಾರ್ಡ್ ಆಗುತ್ತಾ? ಈಗ 13 ಕ್ರೆಡಿಟ್ ತಗೊಂಡಿದ್ದೇನೆ, ಎರಡು ಡಿ ಬಂದ ಕೋರ್ಸ್‌ಗಳೂ ಅದರಲ್ಲಿವೆ. ಪ್ರೋಗ್ರಾಮಿಂಗ್ ಬಿಟ್ಟುಬಿಡೋಣ ಅನ್ನಿಸುತ್ತಿದೆ. ಮನೆಯಲ್ಲಿ ಇನ್ನೂ ಹೇಳಿಲ್ಲ. ಕ್ಲಾಸ್ ಶುರುವಾಗಿ ಎರಡು ವಾರ ಆಯಿತು. ಗ್ರೇಡ್ ಪಟ್ಟಿ, ಕ್ಯಾಲ್ಕುಲಸ್ ಅಂಕಗಳ ವಿವರ ಕಳಿಸಿದ್ದೇನೆ. ಹಾಸ್ಟೆಲ್ ರೂಮಿನ ಬಾಗಿಲು ಹಾಕಿಕೊಂಡು ರಾತ್ರಿ ಎರಡರವರೆಗೆ ಓದಿದೆ. ಈಗ ನಿದ್ದೆ ಬರುತ್ತಿಲ್ಲ, ಕ್ಲಾಸಿಗೆ ಎದ್ದು ಹೋಗಲು ಮನಸ್ಸೇ ಆಗುವುದಿಲ್ಲ.

ಉತ್ತರ: ಮೊದಲು ಒಂದು ಮಾತು. ಪ್ರೋಗ್ರಾಮಿಂಗ್ ಕೋರ್ಸನ್ನು ಇವತ್ತು ಬಿಡಬೇಡಿ. ಪೋರ್ಟಲ್‌ನಲ್ಲಿ ಡ್ರಾಪ್ ಬಟನ್ ಒತ್ತುವುದು ಎರಡು ಸೆಕೆಂಡಿನ ಕೆಲಸ, ಆದರೆ 13ರಲ್ಲಿ 3 ಹೋದರೆ ನಿಮಗೆ 10 ಉಳಿಯುತ್ತದೆ. ಎಫ್-1ನಲ್ಲಿ ಡಿಗ್ರಿ ಓದುವವರು ಪ್ರತಿ ಸೆಮಿಸ್ಟರ್ ಕನಿಷ್ಠ 12 ಕ್ರೆಡಿಟ್ ಓದಲೇಬೇಕು. ಅದಕ್ಕಿಂತ ಕೆಳಗಿಳಿಯಬೇಕಾದರೆ ಮೊದಲು ನಿಮ್ಮ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯಲ್ಲಿ ವೀಸಾ ವಿಷಯ ನೋಡುವ ಅಧಿಕಾರಿ, ಅಂದರೆ ಡಿಎಸ್‌ಒ, ಕೊಡುವ ಒಪ್ಪಿಗೆ ಸೆವಿಸ್ ಅನ್ನುವ ಸರ್ಕಾರದ ವಿದೇಶಿ ವಿದ್ಯಾರ್ಥಿಗಳ ದಾಖಲೆ ವ್ಯವಸ್ಥೆಯಲ್ಲಿ ದಾಖಲಾಗಬೇಕು, ಆಮೇಲೆ ಕೋರ್ಸ್ ಬಿಡಬೇಕು. ಇಲ್ಲಿ ಕ್ರಮವೇ ಮುಖ್ಯ. ಮೊದಲು ಬಿಟ್ಟು ಆಮೇಲೆ ಕೇಳಿದವರಿಗೆ ಆಗುವ ತೊಂದರೆ, ಕಡಿಮೆ ಜಿಪಿಎ ಬಂದವರಿಗೆ ಆಗುವ ತೊಂದರೆಗಿಂತ ಎಷ್ಟೋ ಜಾಸ್ತಿ.

ಪ್ರೊಬೇಷನ್ ಪತ್ರದಿಂದಲೇ ವೀಸಾ ಹೋಗುವುದಿಲ್ಲ. ಅದು ಯೂನಿವರ್ಸಿಟಿಯ ಒಳಗಿನ ಎಚ್ಚರಿಕೆ, ಅಷ್ಟೇ. ನೀವು 12 ಕ್ರೆಡಿಟ್ ಇಟ್ಟುಕೊಂಡು ಓದುತ್ತಿರುವವರೆಗೆ ನಿಮ್ಮ ಐ-20, ಅಂದರೆ ಎಫ್-1ಗೆ ಯೂನಿವರ್ಸಿಟಿ ಕೊಟ್ಟ ಅರ್ಹತಾ ಪತ್ರ, ಹಾಗೇ ಇರುತ್ತದೆ. ಹೋಗುವುದು ಯಾವಾಗ ಅಂದರೆ, ಈ ಸೆಮಿಸ್ಟರ್‌ನಲ್ಲೂ ಸುಧಾರಿಸದೆ ಯೂನಿವರ್ಸಿಟಿ ಸಸ್ಪೆಂಡ್ ಮಾಡಿದಾಗ. ಆಗ ಕ್ಲಾಸಿಗೆ ಸೇರುವ ಹಕ್ಕೇ ಇರುವುದಿಲ್ಲ, ಸೇರದಿದ್ದರೆ ಎಫ್-1 ನಿಲ್ಲುವುದಿಲ್ಲ. ಅಂದರೆ ನಿಮ್ಮ ಕೈಯಲ್ಲಿ ಪೂರ್ತಿ ಒಂದು ಸೆಮಿಸ್ಟರ್ ಇದೆ, ಅದರಲ್ಲಿ ಎರಡೇ ವಾರ ಕಳೆದಿದೆ. ಸೆಮಿಸ್ಟರ್ ಅರ್ಧ ಮುಗಿದ ಮೇಲೆ ಬರೆಯುವವರೇ ಹೆಚ್ಚು, ನೀವು ಬೇಗ ಕೇಳಿದ್ದೀರಿ.

ಈಗ ಲೆಕ್ಕ ನೋಡೋಣ, ಯಾಕೆಂದರೆ ಭಯ ಇರುವುದು ಲೆಕ್ಕ ಮಾಡದೇ ಇರುವುದರಲ್ಲೇ. ನೀವು ಕಳಿಸಿದ ಗ್ರೇಡ್ ಪಟ್ಟಿ ಹೀಗಿದೆ: ಕ್ಯಾಲ್ಕುಲಸ್ 4 ಕ್ರೆಡಿಟ್, ಡಿ. ಕೆಮಿಸ್ಟ್ರಿ 4 ಕ್ರೆಡಿಟ್, ಸಿ. ಇಂಗ್ಲಿಷ್ 3, ಬಿ. ಪ್ರೋಗ್ರಾಮಿಂಗ್ 3, ಡಿ. ಸೆಮಿನಾರ್ 1, ಎ. ಎ ಅಂದರೆ 4, ಬಿ 3, ಸಿ 2, ಡಿ 1. ಕ್ರೆಡಿಟ್‌ನಿಂದ ಗುಣಿಸಿ ಕೂಡಿದರೆ 4, 8, 9, 3, 4, ಒಟ್ಟು 28. ಅದನ್ನು 15ರಿಂದ ಭಾಗಿಸಿದರೆ 1.87. ನೀವು ಮುಟ್ಟಬೇಕಾದದ್ದು 2.0. ಈ ಸೆಮಿಸ್ಟರ್‌ನ 13 ಸೇರಿ 28 ಕ್ರೆಡಿಟ್‌ಗೆ 56 ಪಾಯಿಂಟ್ ಬೇಕು, 28 ಆಗಲೇ ಇದೆ, ಇನ್ನು 28 ಬೇಕು. 28ನ್ನು 13ರಿಂದ ಭಾಗಿಸಿದರೆ 2.15. ಅಂದರೆ ಸಿಗಿಂತ ಸ್ವಲ್ಪ ಮೇಲೆ ಬಂದರೆ ಸಾಕು. ಕ್ಯಾಲ್ಕುಲಸ್‌ನಲ್ಲಿ ಬಿ, ಉಳಿದ ಎಲ್ಲದರಲ್ಲೂ ಸಿ ಬಂದರೆ 30 ಪಾಯಿಂಟ್ ಆಗುತ್ತದೆ, ಒಟ್ಟು 2.07. ತುಂಬಾ ಯೂನಿವರ್ಸಿಟಿಗಳಲ್ಲಿ ಅದೇ ಕೋರ್ಸನ್ನು ಮತ್ತೆ ಓದಿದರೆ ಹಳೆಯ ಗ್ರೇಡ್ ಜಿಪಿಎ ಲೆಕ್ಕದಿಂದ ಹೊರಗೆ ಹೋಗುವ ನಿಯಮ ಇದೆ. ನಿಮ್ಮಲ್ಲೂ ಇದ್ದು ಎರಡಕ್ಕೂ ಅನ್ವಯಿಸಿದರೆ ಇದೇ ಗ್ರೇಡ್‌ಗಳಿಗೆ 2.43 ಆಗುತ್ತದೆ. ಕೆಲವು ಕಡೆ ಇದಕ್ಕೆ ಅರ್ಜಿ ಕೊಡಬೇಕು, ತಾನಾಗೇ ಆಗುವುದಿಲ್ಲ. ರಿಜಿಸ್ಟ್ರಾರ್ ಕಚೇರಿಯಲ್ಲಿ ಕೇಳಿ. ಹಾಗೇ ಡಿಎಸ್‌ಒ ಹತ್ತಿರ ಇನ್ನೊಂದು ಕೇಳಿ: ಡಿ ಬಂದ ಕೋರ್ಸನ್ನು ಮತ್ತೆ ಓದಿದರೆ ಅದು ನನ್ನ 12 ಕ್ರೆಡಿಟ್ ಲೆಕ್ಕಕ್ಕೆ ಸೇರುತ್ತಾ ಅಂತ. ಉತ್ತರವನ್ನು ಇಮೇಲ್‌ನಲ್ಲೇ ತಗೊಳ್ಳಿ.

ಇನ್ನು ಆ ಪತ್ರದಲ್ಲಿರುವ ಕಚೇರಿಗಳ ವಿಷಯ. ನನ್ನ ಕೆಲಸವೇ ಇಂಥ ಒಂದು ಕಚೇರಿಯಲ್ಲಿ, ಹಾಗಾಗಿ ಇಲ್ಲಿ ಸ್ವಲ್ಪ ಉದ್ದವಾಗಿ ಹೇಳುತ್ತೇನೆ. ಪ್ರೊಬೇಷನ್‌ಗೆ ಬಂದ ಹುಡುಗರು ಮಾಡುವುದು ಎರಡರಲ್ಲಿ ಒಂದು. ಒಂದೋ ಎಲ್ಲಿಗೂ ಹೋಗುವುದಿಲ್ಲ. ಇಲ್ಲವೇ ಹೆದರಿ ಎಲ್ಲಾ ಕಡೆ ಒಂದೊಂದು ಸಲ ಹೋಗಿ, ಹಾಜರಿ ಹಾಕಿ, ಏನೂ ಉಪಯೋಗ ಆಗಲಿಲ್ಲ ಅಂತ ಬಿಟ್ಟುಬಿಡುತ್ತಾರೆ. ಒಂದೊಂದು ಕಚೇರಿ ಇರುವುದು ಒಂದೊಂದು ಬಗೆಯ ತೊಂದರೆಗೆ. ನಿಮ್ಮ ತೊಂದರೆ ಯಾವುದು ಅಂತ ಮೊದಲು ಗೊತ್ತಾಗಬೇಕು. ನಿಮ್ಮ ಎರಡು ಡಿಗಳನ್ನೇ ತಗೊಳ್ಳಿ. ಎರಡೂ ನೋಡಲು ಒಂದೇ ಥರ ಇವೆ, ಆದರೆ ಕಾರಣ ಪೂರ್ತಿ ಬೇರೆ.

ಕ್ಯಾಲ್ಕುಲಸ್‌ನ ಅಂಕಗಳ ವಿವರವನ್ನೂ ನೀವು ಕಳಿಸಿದ್ದು ಒಳ್ಳೆಯದಾಯಿತು. ಎರಡು ಮಿಡ್‌ಟರ್ಮ್‌ನಲ್ಲಿ 75, 75. ಫೈನಲ್‌ನಲ್ಲಿ 78. ಹೋಮ್‌ವರ್ಕ್‌ನಲ್ಲಿ 30, ವಾರದ ಕ್ವಿಜ್‌ಗಳಲ್ಲಿ 50. ಹೋಮ್‌ವರ್ಕ್‌ಗೆ 20 ಪರ್ಸೆಂಟ್, ಕ್ವಿಜ್‌ಗೆ 15, ಮಿಡ್‌ಟರ್ಮ್‌ಗೆ ತಲಾ 20, ಫೈನಲ್‌ಗೆ 25. ಒಟ್ಟು 63, ಅದಕ್ಕೇ ಡಿ. ಇದೇ ಪರೀಕ್ಷೆಯ ಅಂಕಗಳನ್ನು ಹಾಗೇ ಇಟ್ಟು ಹೋಮ್‌ವರ್ಕ್‌ನಲ್ಲಿ 90, ಕ್ವಿಜ್‌ನಲ್ಲಿ 80 ಬಂದಿದ್ದರೆ 79.5 ಆಗುತ್ತಿತ್ತು. ನಿಮಗೆ ಕ್ಯಾಲ್ಕುಲಸ್ ಬರುತ್ತದೆ. ಪಿಯುಸಿಯಲ್ಲಿ ಡಿಫರೆನ್ಷಿಯೇಷನ್, ಇಂಟಿಗ್ರೇಷನ್ ಎಲ್ಲಾ ಮಾಡಿ ಬಂದವರಿಗೆ ಇದು ಗೊತ್ತಿರುವ ಪಾಠವೇ, ಅದಕ್ಕೇ ನೀವು ಆನ್‌ಲೈನ್ ಹೋಮ್‌ವರ್ಕ್ ಬಿಟ್ಟಿದ್ದೀರಿ. ನಮ್ಮಲ್ಲಿ ಕೊನೆಯ ಪರೀಕ್ಷೆಯಲ್ಲಿ ಬರೆದರೆ ಎಲ್ಲಾ ಸರಿಹೋಗುತ್ತದೆ. ಹೋದರೂ ಮತ್ತೆ ಪರೀಕ್ಷೆ ಬರೆಯುವ ಅವಕಾಶ ಇದೆ. ಇಲ್ಲಿ ಅದಿಲ್ಲ, ಮಂಗಳವಾರ ರಾತ್ರಿ 11:59ಕ್ಕೆ ಹೋಮ್‌ವರ್ಕ್ ಮುಚ್ಚಿದರೆ ಮುಚ್ಚಿತು, ಆ ಸೊನ್ನೆ ಡಿಸೆಂಬರ್‌ವರೆಗೂ ನಿಮ್ಮ ಜೊತೆ ಬರುತ್ತದೆ. ಕರ್ನಾಟಕದಿಂದ ಬರುವ ಚುರುಕಾದ ಹುಡುಗರು ಮೊದಲ ಸೆಮಿಸ್ಟರ್‌ನಲ್ಲಿ ಎಡವುವುದು ಜಾಸ್ತಿ ಇಲ್ಲೇ.

ಹಾಗಾಗಿ ಕ್ಯಾಲ್ಕುಲಸ್‌ಗೆ ನಿಮಗೆ ಟ್ಯೂಟರ್ ಬೇಕಾಗಿಲ್ಲ. ಬೇಕಾಗಿರುವುದು ಸಕ್ಸೆಸ್ ಸೆಂಟರ್‌ನ ಅಕಾಡೆಮಿಕ್ ಕೋಚ್. ಅವರು ಪಾಠ ಹೇಳಿಕೊಡುವುದಿಲ್ಲ. ನಿಮ್ಮ ನಾಲ್ಕೂ ಕೋರ್ಸ್‌ಗಳ ಸಿಲಬಸ್ ತೆಗೆದು ಮೇಜಿನ ಮೇಲೆ ಹರಡಿ, ಯಾವುದು ಯಾವತ್ತು ಕೊಡಬೇಕು, ಯಾವುದಕ್ಕೆ ಎಷ್ಟು ಪರ್ಸೆಂಟ್ ಅಂತ ವಾರವಾರದ ಒಂದು ಹಾಳೆ ಮಾಡಿಸುತ್ತಾರೆ. ಆಮೇಲೆ ಪ್ರತಿ ವಾರ ಅರ್ಧ ಗಂಟೆ ಕೂತು, ಹೇಳಿದ್ದು ಆಯಿತಾ ಅಂತ ಕೇಳುತ್ತಾರೆ. ಕೇಳಲು ಸಪ್ಪೆ ಅನ್ನಿಸುತ್ತದೆ. ಆದರೆ ಮನೆಯಲ್ಲಿ ಅಮ್ಮ ಎಬ್ಬಿಸಿ, ಕಾಲೇಜು, ಟ್ಯೂಷನ್ ಅಂತ ಇಡೀ ದಿನ ಬೇರೆಯವರು ಕಟ್ಟಿಕೊಟ್ಟಿದ್ದ ವೇಳಾಪಟ್ಟಿಯಿಂದ ಬಂದ ಹುಡುಗನಿಗೆ, ದಿನಕ್ಕೆ ಎರಡೋ ಮೂರೋ ಕ್ಲಾಸ್ ಇದ್ದು ಉಳಿದದ್ದೆಲ್ಲ ಖಾಲಿ ಇರುವ ಈ ಬದುಕಿನಲ್ಲಿ, ಇದಕ್ಕಿಂತ ಬೇಕಾದ್ದು ಇನ್ನೊಂದಿಲ್ಲ. ಆ ಖಾಲಿ ಸಮಯ ಖಾಲಿ ಅಲ್ಲ. ಒಂದು ಕ್ರೆಡಿಟ್ ಅಂದರೆ ವಾರಕ್ಕೆ ಒಂದು ಗಂಟೆ ಕ್ಲಾಸು, ಹೊರಗೆ ಕನಿಷ್ಠ ಎರಡು ಗಂಟೆ ಓದು ಅಂತ ಇಲ್ಲಿನ ಫೆಡರಲ್ ನಿಯಮವೇ ಹೇಳುತ್ತದೆ. ನಿಮ್ಮ 13 ಕ್ರೆಡಿಟ್‌ಗೆ ಅದು ವಾರಕ್ಕೆ 39 ಗಂಟೆ. ಕ್ಯಾಂಪಸ್‌ನಲ್ಲಿ ಕೆಲಸ ಮಾಡುತ್ತಿದ್ದೀರಾ ಅಂತ ನೀವು ಬರೆದಿಲ್ಲ. ಎಫ್-1ನವರಿಗೆ ಕ್ಲಾಸ್ ನಡೆಯುವಾಗ ವಾರಕ್ಕೆ 20 ಗಂಟೆವರೆಗೆ ಅವಕಾಶ ಇದೆ, ಆದರೆ ಅವಕಾಶ ಇದೆ ಅಂತ ಈ ಸೆಮಿಸ್ಟರ್ 20 ಗಂಟೆ ಮಾಡಬೇಡಿ.

ಪ್ರೋಗ್ರಾಮಿಂಗ್ ಕಥೆ ಬೇರೆ. ಬಯಾಲಜಿ ತಗೊಂಡವರು ನೀವು, ಕಂಪ್ಯೂಟರ್ ಸೈನ್ಸ್ ಓದಿಲ್ಲ. ಪಕ್ಕದಲ್ಲಿ ಕೂತವರು ಹೈಸ್ಕೂಲಿನಿಂದ ಕೋಡ್ ಬರೆದು ಬಂದಿರುತ್ತಾರೆ. ಇಲ್ಲಿ ನಿಜವಾಗಿಯೂ ತಿಳಿಯದೇ ಇರುವುದು ಇದೆ, ಇದಕ್ಕೆ ಟ್ಯೂಟರಿಂಗ್ ಸೆಂಟರ್ ಸರಿಯಾದ ಜಾಗ. ಹೋಗುವಾಗ ಬರಿಗೈಯಲ್ಲಿ ಹೋಗಬೇಡಿ. "ನನಗೆ ಲೂಪ್ ಅರ್ಥ ಆಗ್ತಿಲ್ಲ" ಅಂದರೆ ಟ್ಯೂಟರ್‌ಗೆ ಎಲ್ಲಿ ಹಿಡಿಯಬೇಕು ಅಂತ ಗೊತ್ತಾಗುವುದಿಲ್ಲ, ಪಾಪ ಅವರೂ ಎರಡನೇ ವರ್ಷದ ವಿದ್ಯಾರ್ಥಿಯೇ. ಕೆಲಸ ಮಾಡದ ನಿಮ್ಮ ಕೋಡನ್ನೇ ತೆರೆದು ತೋರಿಸಿ. ಒಂದು ಉದಾಹರಣೆ ಹೇಳುತ್ತೇನೆ. ಐದು ಸಂಖ್ಯೆ ಇರುವ ಒಂದು ಲಿಸ್ಟ್, ಅದನ್ನು ಒಂದೊಂದಾಗಿ ಕೂಡುವ ಲೂಪ್. ಓಡಿಸಿದರೆ ಕೆಂಪು ಅಕ್ಷರದಲ್ಲಿ ಇಂಡೆಕ್ಸ್ ಔಟ್ ಆಫ್ ರೇಂಜ್ ಅಂತ ಬರುತ್ತದೆ. ಒಳ್ಳೆಯ ಟ್ಯೂಟರ್ ಆ ಸಾಲನ್ನು ತಾನೇ ತಿದ್ದುವುದಿಲ್ಲ. ಒಂದು ಹಾಳೆ ಕೊಟ್ಟು ಐದು ಮನೆ ಬರೆಯಿರಿ, ಮನೆಗಳಿಗೆ ನಂಬರ್ ಹಾಕಿ ಅನ್ನುತ್ತಾರೆ. ನೀವು 1, 2, 3, 4, 5 ಅಂತ ಹಾಕುತ್ತೀರಿ. ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಎಣಿಸುವುದು 0, 1, 2, 3, 4 ಅಂತ. 5 ಅನ್ನುವ ನಂಬರಿನ ಮನೆ ಇಲ್ಲವೇ ಇಲ್ಲ, ನಿಮ್ಮ ಲೂಪ್ ಅಲ್ಲಿಗೇ ಹೋಗಿ ಬಾಗಿಲು ತಟ್ಟುತ್ತಿದೆ. ಇದನ್ನು ನೀವೇ ಪೆನ್ನಿನಲ್ಲಿ ಬರೆದು ಕಂಡುಕೊಂಡರೆ ಮುಂದಿನ ಹತ್ತು ಪ್ರೋಗ್ರಾಂಗಳಲ್ಲಿ ಆ ತಪ್ಪು ಬರುವುದಿಲ್ಲ. ಟ್ಯೂಟರ್ ಸುಮ್ನೆ ಸರಿಮಾಡಿ ಕೊಟ್ಟಿದ್ದರೆ ನಾಳೆಯೇ ಮತ್ತೆ ಬರುತ್ತದೆ. ಅದಕ್ಕೇ "ಅವರು ಉತ್ತರ ಹೇಳಲ್ಲ, ಸುಮ್ನೆ ಪ್ರಶ್ನೆ ಕೇಳ್ತಾರೆ" ಅಂತ ಬೇಜಾರಾಗಿ ಎದ್ದು ಬರಬೇಡಿ. ಅವರಿಗೆ ತರಬೇತಿ ಕೊಟ್ಟಿರುವುದೇ ಹಾಗೆ.

ಇನ್ನೊಂದು ಕಾರ್ಯಕ್ರಮ ನಿಮ್ಮ ಕ್ಯಾಂಪಸ್‌ನಲ್ಲಿ ಇದೆಯಾ ನೋಡಿ: ಸಪ್ಲಿಮೆಂಟಲ್ ಇನ್‌ಸ್ಟ್ರಕ್ಷನ್, ಎಲ್ಲರೂ ಎಸ್‌ಐ ಅನ್ನುತ್ತಾರೆ. ನನಗೆ ಇದರ ಮೇಲೆ ತುಂಬಾ ನಂಬಿಕೆ. 1973ರಲ್ಲಿ ಮಿಸ್ಸೂರಿ ಯೂನಿವರ್ಸಿಟಿಯ ಕಾನ್ಸಾಸ್ ಸಿಟಿ ಕ್ಯಾಂಪಸ್‌ನಲ್ಲಿ ಡಿಯಾನಾ ಮಾರ್ಟಿನ್ ಇದನ್ನು ಶುರುಮಾಡಿದರು. ಅವರ ಯೋಚನೆ ಸರಳ. ಹಿಂದುಳಿದ ವಿದ್ಯಾರ್ಥಿ ಯಾರು ಅಂತ ಹುಡುಕುವುದು ಬೇಡ, ತುಂಬಾ ಜನ ಫೇಲಾಗುವ ಕೋರ್ಸ್ ಯಾವುದು ಅಂತ ಹುಡುಕೋಣ, ಆ ಕೋರ್ಸಿನ ಎಲ್ಲರಿಗೂ ಸಹಾಯ ಇಡೋಣ. ಈ ಹಿಂದೆ ಅದೇ ಕೋರ್ಸ್‌ನಲ್ಲಿ ಚೆನ್ನಾಗಿ ಮಾಡಿದ ಒಬ್ಬ ವಿದ್ಯಾರ್ಥಿ ಮತ್ತೆ ನಿಮ್ಮ ಜೊತೆ ಕ್ಲಾಸಿನಲ್ಲಿ ಕೂರುತ್ತಾನೆ, ನೋಟ್ಸ್ ಬರೆಯುತ್ತಾನೆ, ವಾರಕ್ಕೆ ಎರಡು ಮೂರು ಸಲ ಸಂಜೆ ಗುಂಪಾಗಿ ಕೂರಿಸಿ ಲೆಕ್ಕ ಮಾಡಿಸುತ್ತಾನೆ. ಅಲ್ಲಿ ಎ ತೆಗೆಯುವವರೂ ಬರುತ್ತಾರೆ, ಡಿ ತೆಗೆದವರೂ ಬರುತ್ತಾರೆ, ಯಾರು ಯಾರು ಅಂತ ಯಾರಿಗೂ ಗೊತ್ತಿರುವುದಿಲ್ಲ. ಕಂಪ್ಯೂಟರ್ ಸೈನ್ಸ್ ಮೊದಲ ಕೋರ್ಸ್‌ಗೆ, ಕೆಮಿಸ್ಟ್ರಿಗೆ, ಕ್ಯಾಲ್ಕುಲಸ್‌ಗೆ ಇದು ತುಂಬಾ ಕಡೆ ಇದೆ. ಮುಂದೆ ನೀವು ಚೆನ್ನಾಗಿ ಮಾಡಿದರೆ ಇದೇ ಎಸ್‌ಐ ಲೀಡರ್ ಕೆಲಸಕ್ಕೆ ನೀವೂ ಅರ್ಜಿ ಹಾಕಬಹುದು. ಕ್ಯಾಂಪಸ್ ಒಳಗಿನ ಸಂಬಳದ ಕೆಲಸ ಅದು, ಎಫ್-1ನಲ್ಲಿ ಅವಕಾಶ ಇದೆ.

ಗುಂಪಿನಲ್ಲಿ ಓದುವುದರ ಬಗ್ಗೆ ಒಂದು ಹಳೆಯ ವಿಷಯ ಹೇಳಲೇಬೇಕು. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾ ಯೂನಿವರ್ಸಿಟಿಯ ಬರ್ಕ್ಲಿ ಕ್ಯಾಂಪಸ್‌ನಲ್ಲಿ ಯೂರಿ ಟ್ರೈಸ್ಮನ್ ಅನ್ನುವವರು, ಕಪ್ಪು ವಿದ್ಯಾರ್ಥಿಗಳು ಕ್ಯಾಲ್ಕುಲಸ್‌ನಲ್ಲಿ ಯಾಕೆ ಹಿಂದೆ ಬೀಳುತ್ತಿದ್ದಾರೆ ಅಂತ ತಿಳಿಯಲು ಅವರ ಜೊತೆ, ಚೀನೀ ಮೂಲದ ವಿದ್ಯಾರ್ಥಿಗಳ ಜೊತೆ, ಅವರು ಓದುವ ಜಾಗಗಳಿಗೇ ಹೋಗಿ ನೋಡಿದರು. ಸೋಮಾರಿತನ ಕಾರಣ ಆಗಿರಲಿಲ್ಲ. ಹಿಂದೆ ಬಿದ್ದವರು ಹೇಳಿದಷ್ಟು ಗಂಟೆ ಓದುತ್ತಿದ್ದರು, ಆದರೆ ಒಬ್ಬರೇ ಓದುತ್ತಿದ್ದರು. ಚೆನ್ನಾಗಿ ಮಾಡುತ್ತಿದ್ದವರು ಒಬ್ಬರೇ ಮಾಡಿ, ಆಮೇಲೆ ಸೇರಿ, ಊಟ ಮಾಡುತ್ತಾ ಒಬ್ಬರ ಲೆಕ್ಕ ಒಬ್ಬರು ತಿದ್ದುತ್ತಿದ್ದರು. ಎಲ್ಲರಿಗೂ ಒಂದೇ ಲೆಕ್ಕ ತಪ್ಪಿದೆ ಅಂದರೆ ಅದು ನಿಜವಾಗಿಯೂ ಕಷ್ಟದ್ದು ಅಂತ ಅವರಿಗೆ ಗೊತ್ತಾಗುತ್ತಿತ್ತು. ಒಬ್ಬನೇ ಕೂತವನಿಗೆ ಅದೇ ಲೆಕ್ಕ ತಪ್ಪಿದರೆ, ನನಗೆ ತಲೆ ಇಲ್ಲ ಅನ್ನಿಸುತ್ತಿತ್ತು. ಟ್ರೈಸ್ಮನ್ ಆಮೇಲೆ ಮಾಡಿದ ವರ್ಕ್‌ಶಾಪ್‌ಗಳಲ್ಲಿ ಸುಲಭದ ಲೆಕ್ಕ ಕೊಡಲಿಲ್ಲ, ಇನ್ನೂ ಕಷ್ಟದ್ದು ಕೊಟ್ಟು ಗುಂಪಾಗಿ ಬಿಡಿಸಲು ಕೂರಿಸಿದರು, ಫಲಿತಾಂಶ ಬದಲಾಯಿತು. ನೀವು ಹಾಸ್ಟೆಲ್ ರೂಮಿನ ಬಾಗಿಲು ಹಾಕಿಕೊಂಡು ರಾತ್ರಿ ಎರಡರವರೆಗೆ ಓದಿದೆ ಅಂತ ಬರೆದಿದ್ದೀರಿ. ನಿಮ್ಮ ಕಷ್ಟ ನನಗೆ ಅರ್ಥವಾಗುತ್ತದೆ. ಆದರೆ ಆ ಬಾಗಿಲು ತೆಗೆಯಿರಿ.

ಗುಂಪಾಗಿ ಓದುವುದು ಬೇರೆ, ಕೋಡ್ ಹಂಚಿಕೊಳ್ಳುವುದು ಬೇರೆ. ನಮ್ಮ ಕಡೆ ರೆಕಾರ್ಡ್ ಬುಕ್ ಗೆಳೆಯನಿಗೆ ಕೊಡದಿದ್ದರೆ ಜಂಬ ಅನ್ನುತ್ತಾರೆ, ಅಲ್ವಾ? ಇಲ್ಲಿ ಕೊಟ್ಟವನಿಗೂ ಶಿಕ್ಷೆ, ತಗೊಂಡವನಿಗೂ ಶಿಕ್ಷೆ. ಕೋಡ್‌ಗಳ ಹೋಲಿಕೆ ಹಿಡಿಯುವ ಮಾಸ್ ಅನ್ನುವ ಸಾಫ್ಟ್‌ವೇರ್ 1994ರಿಂದ ಇದೆ, ವೇರಿಯೇಬಲ್ ಹೆಸರು ಬದಲಿಸಿದರೆ ಅದಕ್ಕೆ ಮೋಸ ಆಗುವುದಿಲ್ಲ. ಚಾಟ್‌ಬಾಟ್ ಬಳಸಬಹುದಾ ಅನ್ನುವುದು ಒಂದೊಂದು ಸಿಲಬಸ್‌ನಲ್ಲಿ ಒಂದೊಂದು ಥರ ಇರುತ್ತದೆ, ಓದಿ. ಪ್ರೊಬೇಷನ್ ಮೇಲೆ ನಕಲು ಕೇಸ್ ಸೇರಿದರೆ ನನ್ನಂಥವರು ಏನೂ ಮಾಡಲಾಗುವುದಿಲ್ಲ.

ಪ್ರೊಫೆಸರ್‌ಗಳ ಆಫೀಸ್ ಅವರ್ಸ್‌ಗೆ ಹೋಗಿ. ಅದು ಪ್ರೊಫೆಸರ್ ತನ್ನ ಕೆಲಸಕ್ಕೆ ಕೂರುವ ಸಮಯ ಅಂತ ತುಂಬಾ ಜನ ತಿಳಿದುಕೊಂಡಿರುತ್ತಾರೆ. ಅದು ನಿಮಗಾಗಿಯೇ ಇಟ್ಟ ಸಮಯ, ಅವರು ಬಾಗಿಲು ತೆಗೆದು ಕಾಯುತ್ತಿರುತ್ತಾರೆ, ಎಷ್ಟೋ ದಿನ ಯಾರೂ ಬರುವುದಿಲ್ಲ. ಕ್ಷಮೆ ಕೇಳಲು ಹೋಗಬೇಡಿ. ಈ ಕೋರ್ಸನ್ನು ಎರಡನೇ ಸಲ ಓದುತ್ತಿದ್ದೇನೆ, ಹೋದ ಸಲ ಹೀಗಾಯಿತು, ಈ ಲೆಕ್ಕದಲ್ಲಿ ಇಲ್ಲಿವರೆಗೆ ಬಂದೆ, ಇಲ್ಲಿಂದ ಮುಂದೆ ಗೊತ್ತಾಗಲಿಲ್ಲ ಅಂತ ಹಾಳೆ ತೋರಿಸಿ. ಐದು ನಿಮಿಷ ಸಾಕು. ರೈಟಿಂಗ್ ಸೆಂಟರ್ ನಿಮಗೆ ಈಗ ಅಷ್ಟು ತುರ್ತಲ್ಲ, ಇಂಗ್ಲಿಷ್‌ನಲ್ಲಿ ಬಿ ಬಂದಿದೆ. ಟ್ರಯೋ ಅನ್ನುವ ಬೋರ್ಡ್ ಕಂಡರೆ, ಅದು ಕೇಂದ್ರ ಸರ್ಕಾರದ ಹಣದಲ್ಲಿ ನಡೆಯುವುದು, ಕಡಿಮೆ ಆದಾಯದ ಮನೆಯವರಿಗೆ, ಮನೆಯಲ್ಲಿ ಮೊದಲ ಸಲ ಕಾಲೇಜು ಹತ್ತಿದವರಿಗೆ, ಅಂಗವಿಕಲರಿಗೆ. ಎಫ್-1ನವರನ್ನು ಅದರಲ್ಲಿ ಸೇರಿಸಿಕೊಳ್ಳುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ.

ದಡ್ಡ ಅಂತ ರೆಕಾರ್ಡ್ ಆಗುತ್ತಾ ಅಂತ ಕೇಳಿದ್ದೀರಿ. ಆಗುವುದಿಲ್ಲ. ಟ್ಯೂಟರಿಂಗ್‌ಗೆ ಹೋದದ್ದು ಟ್ರಾನ್ಸ್‌ಕ್ರಿಪ್ಟ್‌ನಲ್ಲಿ, ಅಂದರೆ ಅಧಿಕೃತ ಅಂಕಪಟ್ಟಿಯಲ್ಲಿ, ಎಲ್ಲೂ ಬರುವುದಿಲ್ಲ. ನಾನು ನಿಮ್ಮನ್ನು ಒಂದು ಕೇಳುತ್ತೇನೆ. ಪಿಯುಸಿಯಲ್ಲಿ ನೀವು ಟ್ಯೂಷನ್‌ಗೆ ಹೋಗಿರಲಿಲ್ಲವಾ? ಬೆಳಗ್ಗೆ ಐದೂವರೆಗೆ ಸೈಕಲ್ ತುಳಿದು ಫಿಸಿಕ್ಸ್ ಟ್ಯೂಷನ್‌ಗೆ ಹೋದಾಗ ಯಾರಾದರೂ ದಡ್ಡ ಅಂದರಾ? ಕ್ಲಾಸಿನ ಫಸ್ಟ್ ರ‍್ಯಾಂಕ್ ಹುಡುಗಿಯೂ ಅಲ್ಲೇ ಮುಂದಿನ ಬೆಂಚಿನಲ್ಲಿ ಇರುತ್ತಿದ್ದಳು. ಆಗ ನಾಚಿಕೆ ಆಗದವರಿಗೆ ಇಲ್ಲಿ ಯಾಕೆ ಆಗಬೇಕು? ಅಲ್ಲಿ ಅಪ್ಪ ಬೇರೆ ಫೀಸು ಕಟ್ಟುತ್ತಿದ್ದರು. ಇಲ್ಲಿ ಅದು ನೀವು ಕಟ್ಟಿದ ಫೀಸಿನಲ್ಲೇ ಸೇರಿದೆ.

ಒಂದು ವಿಷಯ ಮೆಲ್ಲಗೆ ಕೇಳುತ್ತೇನೆ. ನಿದ್ದೆ ಬರುತ್ತಿಲ್ಲ, ಕ್ಲಾಸಿಗೆ ಎದ್ದು ಹೋಗಲು ಮನಸ್ಸೇ ಆಗುವುದಿಲ್ಲ ಅಂತ ಕೊನೆಯಲ್ಲಿ ಒಂದು ಸಾಲು ಬರೆದಿದ್ದೀರಿ. ಅದು ಹೋದ ಸೆಮಿಸ್ಟರ್‌ನ ನಡುವಿನಿಂದಲೇ ಇದ್ದರೆ ದಯವಿಟ್ಟು ಕೌನ್ಸೆಲಿಂಗ್ ಸೆಂಟರ್‌ಗೆ ಹೋಗಿ. ಅಲ್ಲಿ ಹೇಳಿದ್ದು ಪ್ರೊಫೆಸರ್‌ಗೆ ಹೋಗುವುದಿಲ್ಲ. ಏಕಾಗ್ರತೆಯ ತೊಂದರೆಯೋ ಖಿನ್ನತೆಯೋ ಇದೆ ಅಂತ ಗೊತ್ತಾದರೆ, ಪರೀಕ್ಷೆಯಲ್ಲಿ ಜಾಸ್ತಿ ಸಮಯ ಕೊಡುವಂಥ ಅನುಕೂಲ ಮಾಡುವ ಬೇರೆ ಕಚೇರಿ ಇದೆ. ಅಂಗವಿಕಲರ ಕಾನೂನಿನಡಿ ಅದು ವಿದೇಶಿ ವಿದ್ಯಾರ್ಥಿಗಳಿಗೂ ಸಿಗುತ್ತದೆ. ಆದರೆ ಮುಗಿದ ಪರೀಕ್ಷೆಗೆ ಹಿಂದಿನಿಂದ ಅನ್ವಯಿಸುವುದಿಲ್ಲ, ಹಾಗಾಗಿ ತಡ ಮಾಡಬೇಡಿ.

ಕ್ರೆಡಿಟ್ ಕಡಿಮೆ ಮಾಡುವ ದಾರಿ ಇಲ್ಲವೇ ಇಲ್ಲ ಅಂತಲ್ಲ. ವೈದ್ಯರು ಅಥವಾ ಲೈಸೆನ್ಸ್ ಇರುವ ಕ್ಲಿನಿಕಲ್ ಸೈಕಾಲಜಿಸ್ಟ್ ಪತ್ರ ಕೊಟ್ಟರೆ ಡಿಎಸ್‌ಒ ಒಂದು ಡಿಗ್ರಿಯ ಮಟ್ಟದಲ್ಲಿ ಒಟ್ಟು 12 ತಿಂಗಳವರೆಗೆ ಕಡಿಮೆ ಓದಲು ಬಿಡಬಹುದು. ಆರೋಗ್ಯದ ಕಾರಣ ಅಲ್ಲದೆ, ಇಂಗ್ಲಿಷಿನ ತೊಂದರೆ, ಇಲ್ಲಿನ ಪಾಠದ ರೀತಿ ಹೊಸದು, ತಪ್ಪು ಮಟ್ಟದ ಕೋರ್ಸ್‌ಗೆ ಹಾಕಿದ್ದಾರೆ ಅನ್ನುವ ಶುರುವಿನ ಕಷ್ಟಗಳಿಗೂ ಅವಕಾಶ ಇದೆ, ಆದರೆ ಆಗಲೂ ಕನಿಷ್ಠ 6 ಕ್ರೆಡಿಟ್ ಓದಬೇಕು, ಮುಂದಿನ ಸೆಮಿಸ್ಟರ್ ಮತ್ತೆ 12ಕ್ಕೆ ಬರಬೇಕು, ಡಿಗ್ರಿ ಮುಗಿಯುವುದರೊಳಗೆ ಒಂದೇ ಸಲ ಸಿಗುತ್ತದೆ. ಆ ಒಂದು ಸಲವನ್ನು ಎರಡನೇ ವಾರದಲ್ಲೇ ಖರ್ಚು ಮಾಡುವುದು ನನಗೆ ಸರಿ ಕಾಣುವುದಿಲ್ಲ. ಕೋರ್ಸಿನಿಂದ ವಿತ್‌ಡ್ರಾ ಮಾಡಲು, ಅಂದರೆ ನಡುವೆ ಬಿಡಲು, ಕೊನೆಯ ದಿನ ಯಾವುದು ಅಂತ ಅಕಾಡೆಮಿಕ್ ಕ್ಯಾಲೆಂಡರ್‌ನಲ್ಲಿ ನೋಡಿ, ಗೋಡೆಗೆ ಅಂಟಿಸಿ. ಅದಕ್ಕೆ ಒಂದು ವಾರ ಮುಂಚೆ ಅಡ್ವೈಸರ್ ಜೊತೆ ಒಂದು ಭೇಟಿ ಈಗಲೇ ಬುಕ್ ಮಾಡಿ. ಮೊದಲ ಮಿಡ್‌ಟರ್ಮ್ ಅಂಕ ಅಷ್ಟರಲ್ಲಿ ಬಂದಿರುತ್ತದೆ, ಆಗ ನೋಡಿ ನಿರ್ಧಾರ ಮಾಡಬಹುದು.

ಇನ್ನು ಮನೆ. ಯೂನಿವರ್ಸಿಟಿ ನಿಮ್ಮ ಅಪ್ಪ ಅಮ್ಮನಿಗೆ ಹೇಳಿಬಿಡುತ್ತದೆ ಅನ್ನುವ ಭಯ ಬೇಡ. ಫರ್ಪಾ ಅಂತ 1974ರ ಕಾನೂನು ಇದೆ. ಕಾಲೇಜಿಗೆ ಸೇರಿದ ದಿನದಿಂದ ನಿಮ್ಮ ರೆಕಾರ್ಡ್ ಮೇಲಿನ ಹಕ್ಕು ನಿಮ್ಮದು. ಅವರು ಶಿವಮೊಗ್ಗದಿಂದ ಫೋನ್ ಮಾಡಿದರೂ, ನೀವು ಸಹಿ ಮಾಡಿ ಒಪ್ಪಿಗೆ ಕೊಡದೆ ನಾವು ಗ್ರೇಡ್ ಹೇಳುವ ಹಾಗಿಲ್ಲ. ಆದರೆ ಅದೇ ಕಾರಣಕ್ಕೆ ಅವರಿಗೆ ಹೇಳಬೇಕಾದವರು ನೀವೊಬ್ಬರೇ. ನನ್ನ ಅಭಿಪ್ರಾಯ, ಹೇಳಿ. ಇವತ್ತೇ ಅಲ್ಲ. ಡಿಎಸ್‌ಒ ಭೇಟಿ ಆಗಲಿ, ಕೋಚ್ ಜೊತೆ ಕೂತು ವಾರದ ಹಾಳೆ ತಯಾರಾಗಲಿ, ಟ್ಯೂಟರ್ ಜೊತೆ ಎರಡು ಸಲ ಕೂತಿರಿ. ಆಮೇಲೆ ಭಾನುವಾರ ಅವರಿಗೆ ಬಿಡುವಿರುವ ಹೊತ್ತು ನೋಡಿ ವಿಡಿಯೋ ಕಾಲ್ ಮಾಡಿ. 1.87 ಅಂತ ಮೊದಲೇ ಹೇಳಿ, ಸುತ್ತಿ ಬಳಸಬೇಡಿ. ವೀಸಾಗೆ ತೊಂದರೆ ಇಲ್ಲ ಅಂತ ತಕ್ಷಣ ಹೇಳಿ, ಯಾಕೆಂದರೆ ಅವರು ಮೊದಲು ಕೇಳುವುದು ಅದನ್ನೇ. 2.15 ಬೇಕು ಅನ್ನುವ ಲೆಕ್ಕವನ್ನು ಅಪ್ಪನಿಗೆ ಬಿಡಿಸಿ ತೋರಿಸಿ. ಅಮ್ಮ ಅತ್ತರೆ ಫೋನ್ ಇಡಬೇಡಿ, ಸ್ವಲ್ಪ ಹೊತ್ತು ಜೊತೆಗಿರಿ. ಮೊದಲ ಮಿಡ್‌ಟರ್ಮ್ ಆದ ಮೇಲೆ ನನಗೂ ಅಂಕದ ಪಟ್ಟಿ ಕಳಿಸಿ, ಹೋಮ್‌ವರ್ಕ್ ಕಾಲಂ ಬಿಡದೆ.